ಮೆಕ್ಯಾನಿಕ್ ಮಗ

ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಮೌಂಟ್ ಗಿಲಿಯಡ್ ಅಂತ ಒಂದು ಸಣ್ಣ ಊರು. ಅಲ್ಲೊಬ್ಬ ಕಪ್ಪು ಜನಾಂಗದ ಮೆಕ್ಯಾನಿಕ್ ಇದ್ದರು. ಬಿಳಿ ಗಿರಾಕಿಯೊಬ್ಬ ಲಾರಿ ರಿಪೇರಿ ಮಾಡಿಸಿಕೊಂಡು ದುಡ್ಡು ಕೊಡಲಿಲ್ಲ. ಕೇಸು ಹಾಕೋಣ ಅಂದ್ರೆ ಬಿಳಿ ವಕೀಲರು ಯಾರೂ ವಕಾಲತ್ತು ಹಿಡಿಯಲಿಲ್ಲ. ಇದನ್ನು ಕಂಡ ಮಗ ಜೂಲಿಯಸ್ ಚೇಂಬರ್ಸ್ ತಾನೇ ವಕೀಲನಾಗಬೇಕೆಂದು ಹಟ ತೊಟ್ಟ.

ಕಪ್ಪು ಜನರ ಪರ ಕೋರ್ಟಿನಲ್ಲಿ ಹೋರಾಡಲು ಥರ್ಗುಡ್ ಮಾರ್ಷಲ್ 1940ರಲ್ಲಿ ಕಟ್ಟಿದ್ದು ಲೀಗಲ್ ಡಿಫೆನ್ಸ್ ಫಂಡ್. ಶಾಲೆಗಳಲ್ಲಿ ಬಣ್ಣದ ಭೇದ ಸಲ್ಲದೆಂಬ 1954ರ ತೀರ್ಪು ತಂದವರು ಇವರೇ. 1961ರಲ್ಲಿ ಮಾರ್ಷಲ್ ಜಡ್ಜಾಗಿ ಹೊರಟರು. ಆ ಕುರ್ಚಿಗೆ ಜಾಕ್ ಗ್ರೀನ್‌ಬರ್ಗ್ ಎಂಬ ಬಿಳಿಯರು ಬಂದರು. ಕೆಲವರು ಗೊಣಗಿದರಂತೆ, ಇರಲಿ. ನಿಜವಾದ ಕಷ್ಟ ಬೇರೆ. ತೀರ್ಪು ಕೈಯಲ್ಲಿದ್ದರೂ ದಕ್ಷಿಣದ ಊರುಗಳಲ್ಲಿ ಅದನ್ನು ಜಾರಿ ಮಾಡಿಸೋ ವಕೀಲರೇ ಬೆರಳೆಣಿಕೆ. ಅದಕ್ಕೇ ಎಳೆಯ ವಕೀಲರನ್ನು ಒಂದು ವರ್ಷ ನ್ಯೂಯಾರ್ಕಿಗೆ ಕರೆಸಿ, ಕೆಲಸ ಕಲಿಸಿ, ದಕ್ಷಿಣದಲ್ಲೇ ಆಫೀಸು ತೆರೆಯಲು ನೆರವಾಗುವ ಏರ್ಪಾಡು ಮಾಡಿದರು. 1963ರಲ್ಲಿ ಹಾಗೆ ಬಂದ ಮೊದಲಿಗರು ಚೇಂಬರ್ಸ್.

ಮರುವರ್ಷ ಅವರು ಶಾರ್ಲಟ್ ಪಟ್ಟಣದಲ್ಲಿ ಬೋರ್ಡು ಹಾಕಿದರು. 1965ರಲ್ಲಿ ಅವರ ಕಾರಿಗೆ ಬಾಂಬು, ಮನೆಗೂ ಬಾಂಬು. 1971ರಲ್ಲಿ ಆಫೀಸಿಗೆ ಬೆಂಕಿ. ಅದೇ ವರ್ಷ ಶಾರ್ಲಟ್ ಶಾಲೆಗಳ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ಜಡ್ಜರು ಅವರ ಪರವಾದರು: ಬೇಕಾದರೆ ಬಸ್ಸಿನಲ್ಲಿ ಕರೆದೊಯ್ದಾದರೂ ಮಕ್ಕಳನ್ನು ಒಂದೇ ಶಾಲೆಯಲ್ಲಿ ಕೂರಿಸಬಹುದು.

1984ರಲ್ಲಿ ಗ್ರೀನ್‌ಬರ್ಗ್ ಪಾಠ ಹೇಳಲು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದಾಗ ಆ ಕುರ್ಚಿ ಚೇಂಬರ್ಸ್ ಅವರಿಗೆ ಬಂತು. 1993ರವರೆಗೂ ಅವರೇ ನಡೆಸಿದರು.