ಇಟಲಿಯ ಬಿತ್ತನೆಯೊಳಗಿನ ಹುಳು

1906ರಲ್ಲಿ ಮುಂಬಯಿ ಪ್ರಾಂತಕ್ಕೆ ಇಟಲಿಯಿಂದ ಬಿತ್ತನೆ ಆಲೂಗಡ್ಡೆ ಬಂತು. ಆ ಗಡ್ಡೆಗಳೊಳಗೆ ಯಾರ ಲೆಕ್ಕಕ್ಕೂ ಸಿಗದ ಇನ್ನೊಂದು ಜೀವವೂ ಹಡಗು ಹತ್ತಿತ್ತು. ಅದು ದಕ್ಷಿಣ ಅಮೆರಿಕ ಮೂಲದ, ಬೆರಳತುದಿಯಲ್ಲಿ ಕೂರುವಷ್ಟು ಸಣ್ಣ ಬೂದು ಪತಂಗದ ಮರಿಹುಳು.

ಪುಣೆ ಜಿಲ್ಲೆಯ ಖೇಡ್, ಮಂಚರ್ ಕಡೆಯ ರೈತರಿಗೆ ಪೆಟ್ಟು ಬಿದ್ದದ್ದು ದಾಸ್ತಾನಿನಲ್ಲಿ. ಹಿಂಗಾರಿ ಗಡ್ಡೆ ಕಿತ್ತು, ಮುಂಗಾರು ಬಿತ್ತನೆಗೆಂದು ಬೇಸಿಗೆಯಿಡೀ ಕಾಯ್ದಿಡಬೇಕು. ಶೀತಲಗೃಹಗಳಿಲ್ಲದ ಕಾಲ. ಮರದ ನೆರಳಲ್ಲಿ ರಾಶಿ ಹಾಕಿ ಕಬ್ಬಿನ ರವದಿ ಹೊದಿಸುತ್ತಿದ್ದರು. ಮರಾಠಿಯಲ್ಲಿ ಅದು ‘ಅರಣ್’. ಪತಂಗಕ್ಕೆ ಇದಕ್ಕಿಂತ ಒಳ್ಳೆಯ ತಾವು ಬೇಕೆ? ಗಡ್ಡೆಯ ಕಣ್ಣಿನ ಬಳಿ ಮೊಟ್ಟೆಯಿಡುತ್ತದೆ, ಮರಿ ಒಳಕ್ಕೆ ಕೊರೆಯುತ್ತದೆ, ಕಣ್ಣಿನಲ್ಲಿ ಕಪ್ಪು ಹಿಕ್ಕೆ ಕಾಣುತ್ತದೆ. ಸೆಕೆಯಲ್ಲಿ ತಿಂಗಳೊಳಗೆ ಹೊಸ ಪೀಳಿಗೆ. ಕೊರೆದ ಗಡ್ಡೆ ಕೊಳೆತರೆ ಪಕ್ಕದ್ದೂ ಹೋಯಿತು. ಹಾಗೆ ಹೋಗುತ್ತಿದ್ದದ್ದು ಮುಂದಿನ ಬೆಳೆಯೇ.

ಪುಣೆ ಕೃಷಿ ಕಾಲೇಜಿನ ಪ್ರಾಂಶುಪಾಲ ಹೆರಾಲ್ಡ್ ಮ್ಯಾನ್ ಸಹೋದ್ಯೋಗಿಗಳೊಂದಿಗೆ ಪಶ್ಚಿಮ ಭಾರತದ ಆಲೂಗಡ್ಡೆ ಬೇಸಾಯವನ್ನೇ ಅಧ್ಯಯನಕ್ಕೆ ತೆಗೆದುಕೊಂಡರು. ಅವರಲ್ಲಿ ಕೀಟತಜ್ಞ ಆರ್. ಎಸ್. ಕಾಸರಗೋಡ್ ಒಬ್ಬರು, ಹೆಸರಿನಲ್ಲೇ ನಮ್ಮ ಕರಾವಳಿಯ ಊರು.

ಈ ಹುಳು ಗೊಣ್ಣೆಹುಳುವಿನಂತೆ ಮಣ್ಣಿನಲ್ಲಿದ್ದು ಬೇರು ತಿನ್ನುವುದಲ್ಲ. ಮಣ್ಣು ಬಿರುಕು ಬಿಟ್ಟು ಗಡ್ಡೆ ಬಯಲಾದಲ್ಲಿ ನುಗ್ಗುತ್ತದೆ. ಹಾಗಾಗಿ ಮೊದಲ ಮದ್ದು ಗುದ್ದಲಿಯಲ್ಲೇ ಇತ್ತು: ಬೋದಿಗೆ ಮಣ್ಣೇರಿಸಿ ಗಡ್ಡೆ ಮುಚ್ಚಬೇಕು. ಪತಂಗ ಹಾರುವುದು ಮುಸ್ಸಂಜೆಯ ಮೇಲೆ, ಕಿತ್ತ ಗಡ್ಡೆಯನ್ನು ರಾತ್ರಿ ಹೊಲದಲ್ಲಿ ಬಿಡಬಾರದು. ಬಿಸಿಲಿಗೆಂದು ಅದೇ ಗಿಡದ ಸೊಪ್ಪು ಹೊದಿಸಿದರಂತೂ ಒಣಗುವ ಎಲೆಯಿಂದ ಹುಳು ಇಳಿದು ಗಡ್ಡೆ ಸೇರುತ್ತದೆ. ದಾಸ್ತಾನಿಗೆ ಒಣ ಮರಳಿನ ಹೊದಿಕೆ.

ಇದೆಲ್ಲ ಕೂಲಿ ಬೇಡುವ ಕೆಲಸ. ಎರಡನೇ ಮಹಾಯುದ್ಧದ ನಂತರ ಡಿಡಿಟಿ ಪುಡಿ ಬಂದಾಗ ಬಿತ್ತನೆ ಗಡ್ಡೆಗೆ ಅದನ್ನೇ ಉದುರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಕೃಷಿಯಲ್ಲಿ ಅದರ ಬಳಕೆಗೆ ತಡೆ ಬಿದ್ದದ್ದು 1989ರಲ್ಲಿ.

ಅದಕ್ಕೂ ಮುಂಚೆ, 1960ರ ದಶಕದಲ್ಲಿ, ಪತಂಗದ ತವರಿನಿಂದಲೇ ಅದರ ವೈರಿಯನ್ನೂ ತರಲಾಯಿತು: ಕೋಪಿಡೊಸೋಮ ಎಂಬ ಚುಕ್ಕೆಯಷ್ಟು ಕಣಜ. ಪತಂಗದ ಮೊಟ್ಟೆಯೊಳಗೆ ಅದು ತನ್ನದೊಂದು ಮೊಟ್ಟೆ ಇಡುತ್ತದೆ. ಆ ಒಂದೇ ಮೊಟ್ಟೆ ಒಡೆದು ಹತ್ತಾರು ಕಣಜಗಳಾಗುತ್ತವೆ, ಬೆಳೆದ ಹುಳು ಬರೀ ಸಿಪ್ಪೆಯಾಗಿ ಉಳಿಯುತ್ತದೆ. ಆದರೆ ಡಿಡಿಟಿಗೆ ಹುಳುವೂ ಒಂದೇ, ಕಣಜವೂ ಒಂದೇ.

ಈಗ ಶೀತಲಗೃಹಗಳಿವೆ. ಹಾಸನದ ರೈತ ಬಿತ್ತನೆಗೆ ಜಲಂಧರದ ಲಾರಿ ಕಾಯುತ್ತಾನೆ. ಗಡ್ಡೆ ಈಗಲೂ ಎರಡು ಸಾವಿರ ಕಿಲೋಮೀಟರ್ ದಾಟಿಯೇ ಬರುತ್ತದೆ.