ಸೇವಾ ತಾಣಗಳ ವಿನ್ಯಾಸ

ಆಸ್ಪತ್ರೆ, ಬ್ಯಾಂಕು, ಬಸ್ ನಿಲ್ದಾಣ, ಮಾರುಕಟ್ಟೆಗಳಲ್ಲಿ ಯಾವ ವಿಭಾಗ ಎಲ್ಲಿರಬೇಕು, ಜನ ಮತ್ತು ಸರಕು ಯಾವ ದಾರಿಯಲ್ಲಿ ಓಡಾಡಬೇಕು ಎಂದು ಮೊದಲೇ ನಿರ್ಧರಿಸುವ ಕೆಲಸ. ಕಾರ್ಖಾನೆಯಲ್ಲಿ ಚಲಿಸುವುದು ಮುಖ್ಯವಾಗಿ ಸರಕು. ಸೇವಾ ತಾಣಗಳಲ್ಲಿ ಹೆಚ್ಚಾಗಿ ಮನುಷ್ಯರೇ ಚಲಿಸುತ್ತಾರೆ. ಹಾಗಾಗಿ ದಣಿವು, ಕಾಯುವಿಕೆ, ದಾರಿ ತಪ್ಪುವ ಗೊಂದಲ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಗೋವಾದ ಮಾಪುಸಾ ಪುರಸಭಾ ಮಾರುಕಟ್ಟೆ ಇದಕ್ಕೆ ಸೊಗಸಾದ ಉದಾಹರಣೆ. ಪೋರ್ಚುಗೀಸ್ ಆಡಳಿತದ ಕೊನೆಯ ವರ್ಷಗಳಲ್ಲಿ, 1960ರ ಸುಮಾರಿಗೆ, ಇದನ್ನು ಯೋಜಿಸಿ ಕಟ್ಟಲಾಯಿತು. ಬಾಳೆಹಣ್ಣು, ಹೂವು, ತರಕಾರಿ, ಮೀನುಗಳಿಗೆ ಬೇರೆ ಬೇರೆ ಜಾಗಗಳಿವೆ. ಒಂದೇ ಬಗೆಯ ಮಾರಾಟಗಾರರು ಅಕ್ಕಪಕ್ಕ ಕೂತರೆ ಕೊಳ್ಳುವವರು ನಾಲ್ಕು ಹೆಜ್ಜೆಯಲ್ಲೇ ಬೆಲೆ ಹೋಲಿಸಬಹುದು. ನೀರು ಸುರಿಯುವ ಮೀನು ಹೂವಿನಿಂದ ದೂರವಿದ್ದಷ್ಟೂ ಎರಡೂ ಕಡೆಯ ಮಾರಾಟಗಾರರಿಗೆ ಒಳ್ಳೆಯದು. ಶುಕ್ರವಾರದ ಸಂತೆಗೆ ಸುತ್ತಲಿನ ಹಳ್ಳಿಗಳ ಹೆಂಗಸರು ಬುಟ್ಟಿ ಹೊತ್ತು ಬಂದಾಗ ತೆರೆದ ಜಾಗಗಳೂ ಅಂಗಡಿಗಳಾಗುತ್ತವೆ. ಹೀಗೆ ಹಿಗ್ಗಲು ಎಡೆಯಿರುವುದೇ ಈ ಮಾರುಕಟ್ಟೆಯ ದೊಡ್ಡ ಗುಣ.

ಯಾವುದು ಯಾವುದರ ಹತ್ತಿರವಿರಬೇಕು, ಯಾವುದು ದೂರವಿರಬೇಕು ಎಂಬುದನ್ನು ಅಕ್ಷರ ಸಂಕೇತಗಳಲ್ಲಿ ಗುರುತಿಸುವ ಕ್ರಮವನ್ನು ಅಮೆರಿಕದ ಕೈಗಾರಿಕಾ ಎಂಜಿನಿಯರ್ ರಿಚರ್ಡ್ ಮ್ಯೂಥರ್ 1961ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಉದಾಹರಣೆಗೆ, ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕ ಮತ್ತು ಎಕ್ಸ್‌ರೇ ಕೋಣೆ ಅಕ್ಕಪಕ್ಕ ಇರಬೇಕಾದವು. ಗದ್ದಲದ ಜನರೇಟರ್ ಮತ್ತು ರೋಗಿಗಳ ವಾರ್ಡ್ ದೂರವಿರಬೇಕಾದವು.

ಓಡಾಡುವ ದಾರಿಯಷ್ಟೇ ಅಲ್ಲ, ಸುಮ್ಮನೆ ನಿಲ್ಲುವ ಜಾಗವೂ ವಿನ್ಯಾಸದ ಭಾಗ. ನಾಟಕ, ಸಂಗೀತ ಕಾರ್ಯಕ್ರಮಗಳು ನಡೆಯುವ ಪಣಜಿಯ ಕಲಾ ಅಕಾಡೆಮಿಯಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯ ರಸ್ತೆಗೂ ಮಾಂಡೋವಿ ನದಿಗೂ ನಡುವೆ ನೆರಳಿನ ತೆರೆದ ಪಡಸಾಲೆ ಇಟ್ಟರು. ಟಿಕೆಟ್ ಇಲ್ಲದವರೂ ಅಲ್ಲಿ ನಿಂತು ಹರಟಬಹುದು.