ಪಿಷ್ಟ ಆಧಾರಿತ ಜೈವಿಕ ವಿಘಟನೀಯ ಹಾಳೆಗಳು: ಸಸ್ಯಜನ್ಯ ಪ್ರೋಟೀನ್ ಬಳಕೆ ಮತ್ತು ಸಂಸ್ಕರಣಾ ವಿಧಾನಗಳು

ಪಿಷ್ಟದಿಂದ ಕೈಚೀಲ ಹಾಗೂ ಹೊದಿಕೆ ಹಾಳೆಗಳನ್ನು ತಯಾರಿಸುವ ಘಟಕ ಸ್ಥಾಪಿಸಲಿಚ್ಛಿಸುವ ಅರ್ಜಿದಾರರು, ಯಂತ್ರೋಪಕರಣಗಳಿಗೆ ಮುಂಗಡ ಪಾವತಿಸುವ ಮುನ್ನ ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

ಮೆಕ್ಕೆಜೋಳ ಅಥವಾ ಮರಗೆಣಸಿನ ಪಿಷ್ಟವನ್ನು ನೀರಿನಲ್ಲಿ ಕಾಯಿಸಿದಾಗ ಅದರ ಕಣಗಳು ಉಬ್ಬಿ ಗಂಜಿಯಾಗುತ್ತವೆ. ಈ ಗಂಜಿಯನ್ನು ತೆಳುವಾಗಿ ಹರಡಿ ಒಣಗಿಸಿದರೆ ಹಾಳೆ ದೊರೆಯುತ್ತದೆ. ಮನೆಯಲ್ಲಿ ಸಂಡಿಗೆ ಹಾಕಿದವರಿಗೆ ಇದರ ಗುಣ ಮತ್ತು ದೋಷ ಎರಡೂ ಪರಿಚಿತ: ಒಣಗಿದರೆ ಪೆಡಸು, ತೇವ ತಗುಲಿದರೆ ಮೆತು. ಗ್ಲಿಸರಾಲ್ ಬೆರೆಸಿದಲ್ಲಿ ಹಾಳೆ ಬಾಗುವುದಾದರೂ ತೇವಾಂಶವನ್ನು ಇನ್ನಷ್ಟು ಹೀರುತ್ತದೆ. ದಾಸ್ತಾನಿನಲ್ಲಿಟ್ಟಂತೆ ಪಿಷ್ಟದ ಅಣುಗಳು ಮರುಜೋಡಣೆಗೊಂಡು ಹಾಳೆಯು ಪುನಃ ಬಿರುಸಾಗುವುದೂ ಉಂಟು.

ಈ ನ್ಯೂನತೆಯನ್ನು ತಗ್ಗಿಸಲು ಸಸ್ಯಜನ್ಯ ಪ್ರೋಟೀನ್‌ಗಳನ್ನು ಸೇರಿಸಲಾಗುತ್ತದೆ. ಮೆಕ್ಕೆಜೋಳದ ಝೀನ್ ನೀರಿನಲ್ಲಿ ಕರಗದು. ನೀರು ಬೆರೆತ ಆಲ್ಕೋಹಾಲಿನಲ್ಲಿ ಕರಗುತ್ತದೆ. ಆದ್ದರಿಂದ ಇದನ್ನು ಹಾಳೆಯ ಮೇಲೆ ಲೇಪನವಾಗಿಯೂ ಬಳಸಬಹುದು. ಸೋಯಾ ಪ್ರೋಟೀನ್ ಹಾಗೂ ಗೋಧಿಯ ಗ್ಲುಟೆನ್ ಬಿಸಿಯಲ್ಲಿ ಬಿಚ್ಚಿಕೊಂಡು ಗಂಧಕದ ಬಂಧಗಳಿಂದ ಪರಸ್ಪರ ಹೆಣೆದುಕೊಳ್ಳುತ್ತವೆ. ಆದರೆ ಪ್ರಮಾಣ ಮಿತಿಮೀರಿದಲ್ಲಿ ಪಿಷ್ಟ ಮತ್ತು ಪ್ರೋಟೀನ್ ಬೇರ್ಪಟ್ಟು ಹಾಳೆ ದುರ್ಬಲವಾಗುತ್ತದೆ.

ಸುರಿದು ಒಣಗಿಸುವ ವಿಧಾನವು ಪ್ರಯೋಗಕ್ಕೆ ಅನುಕೂಲ, ಉತ್ಪಾದನೆಗೆ ನಿಧಾನ. ಎಕ್ಸ್‌ಟ್ರೂಡರ್‌ನಲ್ಲಿ ಶಾಖ, ಒತ್ತಡ ಹಾಗೂ ತಿರುಪಿನ ಚಲನೆಯಿಂದ ಮಿಶ್ರಣವು ನಿರಂತರವಾಗಿ ಹೊರಬರುತ್ತದೆ. ಶಾಖ ಹೆಚ್ಚಾದಲ್ಲಿ ಪ್ರೋಟೀನ್ ಕಂದುಗಟ್ಟುತ್ತದೆ. ಒಂದು ವಿಧಾನದಲ್ಲಿ ಸಫಲವಾದ ಮಿಶ್ರಣ ಮತ್ತೊಂದರಲ್ಲಿ ಹಾಗೆಯೇ ಒದಗುವುದಿಲ್ಲವಾದ್ದರಿಂದ, ಖರೀದಿಸಲಿರುವ ಮಾದರಿಯ ಯಂತ್ರದಲ್ಲಿಯೇ ಪ್ರಾಯೋಗಿಕ ತಯಾರಿಕೆ ನಡೆಸುವುದು ಸೂಕ್ತ. ಸುಧಾರಿತ ಹಾಳೆಯೂ ಒಣ ಪದಾರ್ಥಗಳಿಗೇ ಹೆಚ್ಚು ಯೋಗ್ಯ. ದ್ರವ ಪದಾರ್ಥಗಳಿಗೆ ಅಲ್ಲ.

ದೇಶದಲ್ಲಿ 1-7-2022ರಿಂದ ಆಯ್ದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳು ನಿಷೇಧಿತವಾಗಿವೆ. ಆದರೆ ‘ಪಿಷ್ಟದಿಂದ ತಯಾರಾದುದು’ ಎಂಬ ಮುದ್ರೆಯೊಂದೇ ಪರವಾನಗಿಯಾಗದು. ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರನ್ವಯ, ಗೊಬ್ಬರವಾಗುವ ಪ್ಲಾಸ್ಟಿಕ್ ಕೈಚೀಲಗಳನ್ನು ಮಾರುಕಟ್ಟೆಗೆ ಬಿಡುವ ಮುನ್ನ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆಯತಕ್ಕದ್ದು. ಐಎಸ್‌ಒ 17088 ಮಾನಕದ ಪ್ರಕಾರ, ಗೊಬ್ಬರ ತಯಾರಿಕೆಯ ನಿಯಂತ್ರಿತ ಸ್ಥಿತಿಯಲ್ಲಿ 180 ದಿನಗಳೊಳಗೆ ಶೇ. 90ರಷ್ಟು ವಿಘಟನೆ ಆಗಬೇಕು. ಈ ಸ್ಥಿತಿಯ ಉಷ್ಣಾಂಶ ಸುಮಾರು 58 ಡಿಗ್ರಿ ಸೆಲ್ಸಿಯಸ್. ಹಿತ್ತಲ ತಿಪ್ಪೆಯಲ್ಲಿ ಅದೇ ಅವಧಿಯನ್ನು ನಿರೀಕ್ಷಿಸಲಾಗದು.

ಸೋಯಾ, ಗೋಧಿ ಹಾಗೂ ನೆಲಗಡಲೆಯ ಪ್ರೋಟೀನ್ ಕೆಲವರಿಗೆ ಅಲರ್ಜಿಕಾರಕ. ಆಹಾರ ಪದಾರ್ಥಗಳಿಗೆ ಬಳಸುವ ಹಾಳೆಯಲ್ಲಿ ಇವುಗಳಿದ್ದಲ್ಲಿ, ಖರೀದಿಸುವ ಆಹಾರ ತಯಾರಕರಿಗೆ ಲಿಖಿತವಾಗಿ ತಿಳಿಸುವುದು.